ಬ್ಯಾಟರಿಯ ಗಿಟಾರ್ ಮತ್ತು ಭಕ್ತಸಮೂಹದ ಕಂಠ

ಮುಂಗಾರು ಕಾಲಿಟ್ಟಿತೆಂದರೆ ಕರಾವಳಿ ಮತ್ತು ಮಲೆನಾಡಿನ ಧರ್ಮಕೇಂದ್ರಗಳಲ್ಲಿ ಭಾನುವಾರದ ಬಲಿಪೂಜೆಯ ನಡುವೆ ವಿದ್ಯುತ್ ಮಾಯವಾಗುವುದು ಹೊಸ ಸಂಗತಿಯೇನಲ್ಲ. ಎಲ್ಲಿಯೋ ಒಂದು ಮರ ತಂತಿಯ ಮೇಲೆ ಉರುಳುತ್ತದೆ. ಇಲ್ಲಿ ಫ್ಯಾನು ನಿಲ್ಲುತ್ತದೆ, ಧ್ವನಿವರ್ಧಕ ಮೂಕವಾಗುತ್ತದೆ, ಗಾನವೃಂದದ ಗಿಟಾರಿನ ನಾದ ಅರ್ಧ ಚರಣದಲ್ಲಿ ಕಡಿದುಹೋಗುತ್ತದೆ. ಆಶ್ಚರ್ಯವೆಂದರೆ ಗಿಟಾರಿನ ಜೊತೆಗೆ ಹಾಡೂ ನಿಂತುಹೋಗುತ್ತದೆ. ಕಂಠಕ್ಕೆ ವಿದ್ಯುತ್ ಬೇಕಾಗಿಲ್ಲ. ಆದರೂ ಇನ್ನೂರು ಮಂದಿ ಒಮ್ಮೆಗೇ ಸುಮ್ಮನಾಗಿ ಗಾನವೃಂದದ ಕಡೆಗೆ ತಿರುಗಿ ನೋಡುತ್ತಾರೆ.

ಇದಕ್ಕೆ ನಮ್ಮ ಯುವಕರು ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡಿದ್ದಾರೆ. ಧರ್ಮಕೇಂದ್ರದ ಕಛೇರಿಯಲ್ಲಿ ಕಂಪ್ಯೂಟರಿಗೆಂದು ಇಟ್ಟಿರುವ ಯು.ಪಿ.ಎಸ್. ಪೆಟ್ಟಿಗೆಯನ್ನು ಎತ್ತಿ ತಂದು, ಗಿಟಾರಿನ ಆಂಪ್ಲಿಫೈಯರನ್ನು ಅದಕ್ಕೆ ಜೋಡಿಸುವುದು. "ಫಾದರ್, ಹೀಗೆ ಮಾಡಬಹುದಲ್ಲವೇ?" ಎಂದು ಅವರು ಕೇಳುತ್ತಾರೆ. "ಸ್ವಾಮಿ, ನಮ್ಮ ಕಾಲದಲ್ಲಿ ಕರೆಂಟೇ ಇರಲಿಲ್ಲ, ಪೂಜೆ ನಡೆಯಲಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಎರಡು ಪ್ರಶ್ನೆಗಳಿಗೂ ಹೌದು ಎಂದೋ ಅಲ್ಲ ಎಂದೋ ಒಂದೇ ಮಾತಿನಲ್ಲಿ ಉತ್ತರಿಸಿಬಿಡುವುದು ಸುಲಭ. ಆದರೆ ವಿಷಯ ಚಿಕ್ಕದಾಗಿ ತೋರಿದರೂ ಅದರೊಳಗೆ ಧರ್ಮಕೇಂದ್ರದ ಹಣವಿದೆ, ಮಕ್ಕಳ ಪ್ರಾಣದ ಸುರಕ್ಷೆಯಿದೆ, ಆರಾಧನೆಯ ಅರ್ಥವೂ ಇದೆ. ಆದುದರಿಂದ ಈ ವಾರ ಇದನ್ನು ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ಮೊದಲನೆಯದಾಗಿ, ಯು.ಪಿ.ಎಸ್. ಎಂಬುದು ಏನು, ಅದು ಏತಕ್ಕಾಗಿ ಹುಟ್ಟಿತು ಎಂಬುದನ್ನು ತಿಳಿಯಬೇಕು. ವಿದ್ಯುತ್ ಹೋದ ಕೂಡಲೇ ಕಂಪ್ಯೂಟರಿನಲ್ಲಿರುವ ಬರಹ ಅಳಿಸಿಹೋಗದಂತೆ, ಕೆಲಸವನ್ನು ಉಳಿಸಿಟ್ಟು ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ ಬೇಕಾದ ಕೆಲವು ನಿಮಿಷಗಳನ್ನು ಒದಗಿಸುವುದೇ ಅದರ ಕೆಲಸ. ಕೆಲಸವನ್ನು ಸುರಕ್ಷಿತವಾಗಿ ಮುಗಿಸುವುದಕ್ಕೆ ಅದು ಹುಟ್ಟಿದೆಯೇ ಹೊರತು ಗಂಟೆಗಟ್ಟಲೆ ಮುಂದುವರಿಸುವುದಕ್ಕಲ್ಲ. ಕಛೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿ.ಎ. ಪೆಟ್ಟಿಗೆಯೊಳಗೆ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಇರುತ್ತದೆ. ಇವೆರಡನ್ನು ಗುಣಿಸಿದರೆ 84 ವಾಟ್-ಗಂಟೆ. ಲೆಕ್ಕದ ಪ್ರಕಾರ 84 ವಾಟಿನ ಒಂದು ಉಪಕರಣವನ್ನು ಒಂದು ಗಂಟೆ ನಡೆಸುವ ಶಕ್ತಿ ಅದು. ಆದರೆ ಬ್ಯಾಟರಿಯಿಂದ ವೇಗವಾಗಿ ಸೆಳೆದಷ್ಟೂ ಅದು ಕೊಡುವ ಒಟ್ಟು ಶಕ್ತಿ ಕುಗ್ಗುತ್ತದೆ. 12 ವೋಲ್ಟನ್ನು 230 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಶಾಖವಾಗಿ ನಷ್ಟವಾಗುತ್ತದೆ. ಹೀಗಾಗಿ 40 ಅಥವಾ 50 ವಾಟ್ ಸೆಳೆಯುವ ಉಪಕರಣವೊಂದನ್ನು ಹೊಸ ಬ್ಯಾಟರಿ ಸುಮಾರು ಅರ್ಧ ಗಂಟೆ ನಡೆಸಿದರೆ ಅದೇ ದೊಡ್ಡದು. ಹಳೆಯ ಬ್ಯಾಟರಿಯಾದರೆ ಪ್ರವೇಶ ಗೀತೆಯಿಂದ ಕೀರ್ತನೆಯವರೆಗೂ ಬಾಳುವ ಭರವಸೆಯಿಲ್ಲ.

ಇಲ್ಲಿ ಅನೇಕರಿಗೆ ಇನ್ನೊಂದು ಗೊಂದಲವಿದೆ. ಆಂಪ್ಲಿಫೈಯರಿನ ಮುಖದ ಮೇಲೆ ಬರೆದಿರುವ ವಾಟ್ ಸಂಖ್ಯೆ ಅದು ಸ್ಪೀಕರಿಗೆ ಕೊಡುವ ಶಕ್ತಿಯನ್ನು ಸೂಚಿಸುತ್ತದೆ, ಗೋಡೆಯಿಂದ ಸೆಳೆಯುವ ಶಕ್ತಿಯನ್ನಲ್ಲ. ಸೆಳೆಯುವ ಪ್ರಮಾಣವನ್ನು ಸಾಮಾನ್ಯವಾಗಿ ಹಿಂಬದಿಯಲ್ಲಿ, ವಿದ್ಯುತ್ ತಂತಿ ಒಳಹೋಗುವ ಜಾಗದ ಬಳಿ ಬರೆದಿರುತ್ತಾರೆ. ಟ್ರಾನ್ಸಿಸ್ಟರಿನ ಆಂಪ್ಲಿಫೈಯರ್ ಮೆಲ್ಲನೆ ನುಡಿಸಿದಾಗ ಕಡಿಮೆಯನ್ನೂ, ಜೋರಾಗಿ ನುಡಿಸಿದಾಗ ಹೆಚ್ಚನ್ನೂ ಸೆಳೆಯುತ್ತದೆ. ಹಳೆಯ ಮಾದರಿಯ ವಾಲ್ವ್ ಆಂಪ್ಲಿಫೈಯರ್ ಹಾಗಲ್ಲ. ಅದರೊಳಗಿನ ತಂತುಗಳು ಸದಾ ಕಾಯುತ್ತಿರಬೇಕಾದುದರಿಂದ ಗಿಟಾರ್ ಮೌನವಾಗಿದ್ದಾಗಲೂ ಅದು ಬ್ಯಾಟರಿಯನ್ನು ಹೀರುತ್ತಲೇ ಇರುತ್ತದೆ. 15 ವಾಟಿನ ನಾದ ನೀಡುವ ವಾಲ್ವ್ ಪೆಟ್ಟಿಗೆ 50 ವಾಟಿಗೂ ಮೀರಿ ಸೆಳೆಯುವುದು ಸಾಮಾನ್ಯ.

ನಾದದ ಗುಣದ ಮಾತೂ ಇದೆ. ವಿದ್ಯುತ್ ಮಂಡಳಿಯಿಂದ ಬರುವ ವಿದ್ಯುತ್ ಅಲೆಯಂತೆ ನುಣುಪಾಗಿ ಏರಿ ಇಳಿಯುತ್ತದೆ. ಅಗ್ಗದ ಯು.ಪಿ.ಎಸ್. ಬ್ಯಾಟರಿಯಿಂದ ನಡೆಯುವಾಗ ಕೊಡುವುದು ಮೆಟ್ಟಿಲಿನಂತೆ ಒರಟಾಗಿ ಜಿಗಿಯುವ ವಿದ್ಯುತ್ತನ್ನು. ಕಂಪ್ಯೂಟರ್ ಅದನ್ನು ಸಹಿಸಿಕೊಳ್ಳುತ್ತದೆ. ಆದರೆ ಗಿಟಾರಿನ ತಂತಿಯ ಸೂಕ್ಷ್ಮ ಕಂಪನವನ್ನು ನೂರಾರು ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ ಆ ಒರಟುತನವನ್ನೂ ಹಿಗ್ಗಿಸಿ, ಜೇನುನೊಣ ಗುಂಯ್‌ಗುಟ್ಟಿದಂತೆ ದನಿ ಮಾಡಬಹುದು. ಇದರ ಮೇಲೆ ಯು.ಪಿ.ಎಸ್. ತನ್ನ ಕರ್ತವ್ಯವನ್ನು ಮರೆಯದೆ, ಬ್ಯಾಟರಿ ಖರ್ಚಾಗುತ್ತಿದೆ ಎಂದು ಕೆಲವು ಸೆಕೆಂಡುಗಳಿಗೊಮ್ಮೆ "ಪೀಂ" ಎಂದು ಎಚ್ಚರಿಸುತ್ತಿರುತ್ತದೆ. ರೊಟ್ಟಿ ರಸಗಳ ಪವಿತ್ರೀಕರಣದ ಗಳಿಗೆಯಲ್ಲಿ ಗಂಟೆಯ ದನಿಗೆ ಈ ದನಿಯೂ ಜೊತೆಗೂಡುವುದನ್ನು ಯಾರೂ ಬಯಸರು.

ಇವೆಲ್ಲ ಅನನುಕೂಲಗಳು ಮಾತ್ರ. ನಿಜವಾದ ಅಪಾಯ ಬೇರೆಯೇ ಇದೆ. ಪೋಷಕರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ನಾವು ವಿನಂತಿಸುತ್ತೇವೆ. ವಿದ್ಯುತ್ ಗಿಟಾರಿನ ಲೋಹದ ತಂತಿಗಳು ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಕೂಡಿಕೊಂಡಿರುತ್ತವೆ. ಆ ಚೌಕಟ್ಟು ಮೂರು ಕಡ್ಡಿಯ ಪ್ಲಗ್ಗಿನ ಮೂಲಕ ಭೂಮಿಗೆ, ಅಂದರೆ ನಾವು 'ಅರ್ತ್' ಎಂದು ಕರೆಯುವ ಸಂಪರ್ಕಕ್ಕೆ ಸೇರಿರಬೇಕು. ಯು.ಪಿ.ಎಸ್. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಗಾನವೃಂದದ ಬಳಿ ತಂದಿಟ್ಟ ಕ್ಷಣದಲ್ಲಿಯೇ ಆ ಸಂಪರ್ಕ ಕಡಿದುಹೋಗುತ್ತದೆ. ಪೆಟ್ಟಿಗೆಯೊಳಗೆ 230 ವೋಲ್ಟ್ ಮಾತ್ರ ಹಾಗೆಯೇ ಇರುತ್ತದೆ. ಗೋಡೆಯಲ್ಲಿ ಅಳವಡಿಸಿರುವ ಆರ್.ಸಿ.ಸಿ.ಬಿ. ಎಂಬ ರಕ್ಷಣಾ ಸಾಧನ ಹೊರಗಿನಿಂದ ಬರುವ ವಿದ್ಯುತ್ತಿಗೆ ಕಾವಲುಗಾರನೇ ಹೊರತು, ಈ ಬ್ಯಾಟರಿಯ ವಿದ್ಯುತ್ತಿಗಲ್ಲ. ಈಗ ಹುಡುಗನೊಬ್ಬ ಮಳೆಯಲ್ಲಿ ನೆನೆದು ಬಂದು, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ಕೈಯಲ್ಲಿ ಗಿಟಾರಿನ ತಂತಿ ಹಿಡಿದು, ಬೇರೊಂದು ಮೂಲದಿಂದ ನಡೆಯುವ ಮೈಕಿಗೆ ತುಟಿ ತಾಗಿಸುತ್ತಾನೆ ಎಂದುಕೊಳ್ಳಿ. ಎರಡು ಉಪಕರಣಗಳಲ್ಲಿ ಒಂದರಲ್ಲಿ ದೋಷವಿದ್ದರೂ ವಿದ್ಯುತ್ತಿಗೆ ದಾರಿಯಾಗುವುದು ಆ ಹುಡುಗನ ದೇಹವೇ.

ಇದು ಹೆದರಿಸುವ ಮಾತಲ್ಲ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆ ಸರಿಯಾಗಿ ಅರ್ತ್ ಆಗಿರದ ಮೈಕನ್ನು ಮುಟ್ಟಿ, ಜನರ ಕಣ್ಣೆದುರಿನಲ್ಲಿಯೇ ಪ್ರಾಣ ಬಿಟ್ಟರು. ಅವರು ವೃತ್ತಿಯಿಂದಲೇ ಕಲಾವಿದರಾಗಿದ್ದವರು. ಗುಂಯ್ ಎಂಬ ದನಿ ಕಡಿಮೆಯಾಗಲೆಂದು ಅರ್ತ್ ಕಡ್ಡಿಯನ್ನು ಮುರಿದುಹಾಕುವುದು, ಎರಡು ಕಡ್ಡಿಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಜೋಡಿಸುವುದು ಮುಂತಾದ 'ಉಪಾಯ'ಗಳು ಯಾವ ಗಾನವೃಂದದಲ್ಲಿಯೇ ಇರಲಿ, ಅವನ್ನು ಈ ಭಾನುವಾರವೇ ನಿಲ್ಲಿಸತಕ್ಕದ್ದು. ಯು.ಪಿ.ಎಸ್. ಬಳಸಲೇಬೇಕಾದರೆ ಅದರ ಪ್ಲಗ್ ಗೋಡೆಯ ಮೂರು ಕಡ್ಡಿಯ ಸಾಕೆಟ್ಟಿನಲ್ಲಿಯೇ ಇರಲಿ. ವಿದ್ಯುತ್ ಹೋಗಿದ್ದರೂ ಅರ್ತ್ ತಂತಿ ಅಲ್ಲಿ ತನ್ನ ಕೆಲಸ ಮಾಡುತ್ತಿರುತ್ತದೆ. ಗಿಟಾರಿನ ಆಂಪ್ಲಿಫೈಯರಿಗೂ ಮೈಕಿನ ಆಂಪ್ಲಿಫೈಯರಿಗೂ ಅರ್ತ್ ಒಂದೇ ಆಗಿರಲಿ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರು ದೇವಾಲಯದ ಅರ್ತಿಂಗನ್ನು ಅಳೆದು ನೋಡಲಿ. ಪಾಲನಾ ಪರಿಷತ್ತಿನ ಖರ್ಚಿನ ಪಟ್ಟಿಯಲ್ಲಿ ಹೂವಿನ ಅಲಂಕಾರಕ್ಕಿಂತ ಮೇಲೆ ಇದು ಬರಬೇಕು.

ಹಾಗಾದರೆ ಯುವಕರ ಬೇಡಿಕೆಯನ್ನು ತಳ್ಳಿಹಾಕಬೇಕೇ? ಬೇಡ. ಆದರೆ ಅದನ್ನು ಅಳತೆಗೆ ತರಬೇಕು. ಅರಿಸ್ಟಾಟಲ್ ತನ್ನ 'ರಾಜನೀತಿ' ಗ್ರಂಥದ ಮೊದಲನೆಯ ಭಾಗದಲ್ಲಿ ಒಂದು ಸರಳ ಸತ್ಯವನ್ನು ಹೇಳುತ್ತಾನೆ: ಯಾವ ಕಲೆಯ ಸಾಧನವೂ ಸಂಖ್ಯೆಯಲ್ಲಾಗಲಿ ಗಾತ್ರದಲ್ಲಾಗಲಿ ಮಿತಿಯಿಲ್ಲದ್ದಲ್ಲ. ಸಾಧನಕ್ಕೆ ಅಳತೆಗೋಲು ಅದರ ಗುರಿ. ಬಟ್ಟೆ ಹೊಲಿಯುವ ಸೂಜಿ ದೊಡ್ಡದಾದಷ್ಟೂ ಹೊಲಿಗೆ ಚೆನ್ನಾಗುವುದಿಲ್ಲ. ಬಲಿಪೂಜೆಯಲ್ಲಿ ಗಿಟಾರಿನ ಗುರಿಯೇನು? ಸಂಗೀತ ಕಛೇರಿಯ ಗುರಿ ಬೇರೆ. ಅಲ್ಲಿ ಕೇಳುಗರು ಕೇಳುವುದಕ್ಕೆ ಬಂದಿರುತ್ತಾರೆ. ಇಲ್ಲಿ ಭಕ್ತರು ಹಾಡುವುದಕ್ಕೆ ಬಂದಿದ್ದಾರೆ. ಅವರ ಕಂಠಕ್ಕೆ ಶ್ರುತಿಯನ್ನೂ ಲಯವನ್ನೂ ಕೊಟ್ಟು ಆಧಾರವಾಗುವುದಷ್ಟೇ ವಾದ್ಯದ ಕೆಲಸ.

ಧರ್ಮಸಭೆಯ ಬೋಧನೆಯೂ ಇದನ್ನೇ ಹೇಳುತ್ತದೆ. 1903ರಲ್ಲಿ ಪೋಪ್ ಹತ್ತನೆಯ ಪಿಯುಸ್‌ರವರು ದೇವಾಲಯದೊಳಗೆ ಪಿಯಾನೋವನ್ನೂ ಡೋಲುಗಳಂಥ ಗದ್ದಲದ ವಾದ್ಯಗಳನ್ನೂ ನಿಷೇಧಿಸಿದ್ದರು. ಅರವತ್ತು ವರ್ಷಗಳ ಬಳಿಕ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನವನ್ನು ಉಳಿಸಿಯೇ, ಪವಿತ್ರ ಕಾರ್ಯಕ್ಕೆ ತಕ್ಕುದಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ಗಿಟಾರ್ ನಮ್ಮ ದೇವಾಲಯಗಳೊಳಗೆ ಬಂದದ್ದು. ಆದರೆ 1967ರ 'ಮ್ಯೂಸಿಕಾಂ ಸಾಕ್ರಾಂ' ಎಂಬ ನಿರ್ದೇಶನವು ವಾದ್ಯಗಳಿಗೆ ಒಂದು ಮಿತಿಯನ್ನು ಹಾಕಿದೆ: ಹಾಡಿನ ಮಾತುಗಳು ತಿಳಿಯದಂತೆ ವಾದ್ಯದ ನಾದ ಕಂಠಗಳನ್ನು ಮುಚ್ಚಿಬಿಡಬಾರದು. ವಿದ್ಯುತ್ ಇರುವ ಭಾನುವಾರಗಳಲ್ಲಿ ಈ ಮಿತಿಯನ್ನು ಪಾಲಿಸುತ್ತಿದ್ದೇವೆಯೇ ಎಂದು ಗಾನವೃಂದಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಭಕ್ತರ ದನಿ ಮೊದಲೇ ಮುಚ್ಚಿಹೋಗಿದ್ದರೆ, ವಿದ್ಯುತ್ ಹೋದಾಗ ಮೌನ ಆವರಿಸುವುದರಲ್ಲಿ ಆಶ್ಚರ್ಯವೇನಿದೆ? ಹಾಡಿದವರು ಮುಂದುವರಿಸಬಲ್ಲರು, ಕೇಳುತ್ತಾ ಕುಳಿತವರು ನಿಲ್ಲಿಸುತ್ತಾರೆ.

ಈ ಗುರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬ್ಯಾಟರಿಯ ಲೆಕ್ಕವೂ ಸುಲಭವಾಗುತ್ತದೆ. ಇರುವ ಸ್ವಲ್ಪ ಶಕ್ತಿಯಲ್ಲಿ ಮೊದಲ ಹಕ್ಕು ಯಾರದು? ನಿಸ್ಸಂದೇಹವಾಗಿ ವಾಚನಪೀಠದ ಮೈಕಿನದು. ದೇವರ ವಾಕ್ಯ ಹಿಂದಿನ ಬೆಂಚಿನವರೆಗೂ ಕೇಳಿಸಬೇಕು. ಕಿವಿ ಮಂದವಾಗಿರುವ ನಮ್ಮ ಅಜ್ಜ ಅಜ್ಜಿಯರಿಗೂ ಕೇಳಿಸಬೇಕು. 'ಹಿಂದೆ ಕರೆಂಟೇ ಇರಲಿಲ್ಲ' ಎನ್ನುವ ಹಿರಿಯರಿಗೆ ನಮ್ಮ ಉತ್ತರವೂ ಇದೇ. ಹಿಂದೆ ಪೂಜೆ ಲತೀನ್ ಭಾಷೆಯಲ್ಲಿತ್ತು. ಜನರಲ್ಲಿ ಬಹುಮಂದಿ ಜಪಮಾಲೆ ಹಿಡಿದು ಮೌನವಾಗಿದ್ದರು. ಇಂದು ವಾಕ್ಯ ನಮ್ಮ ಭಾಷೆಯಲ್ಲಿದೆ. ಅದು ಕೇಳಿಸದೆ ಹೋದರೆ ನಷ್ಟ ದೊಡ್ಡದು.

ಇದಕ್ಕೆ ಯು.ಪಿ.ಎಸ್. ಕೂಡ ಬೇಕಾಗಿಲ್ಲ. ನಮ್ಮ ದೇವಾಲಯಗಳಲ್ಲಿ, ಶಾಲೆಗಳಲ್ಲಿ ಬಳಸುವ ಅಹುಜಾ ಮುಂತಾದ ಧ್ವನಿವರ್ಧಕ ಆಂಪ್ಲಿಫೈಯರುಗಳಲ್ಲಿ ಅನೇಕವು 12 ಅಥವಾ 24 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನಡೆಯಬಲ್ಲವು. ಹಿಂಬದಿಯಲ್ಲಿ ಕೆಂಪು ಕಪ್ಪು ತಿರುಪುಗಳು ಅದಕ್ಕಾಗಿಯೇ ಇರುತ್ತವೆ. ಜೀಪಿಗೆ ಕಹಳೆ ಕಟ್ಟಿಕೊಂಡು ಊರೂರು ಸುತ್ತಿದ ಪ್ರಚಾರದ ವಾಹನಗಳು ಹಾಡಿದ್ದು ಹೀಗೆಯೇ. ಬ್ಯಾಟರಿಯ 12 ವೋಲ್ಟನ್ನು 230ಕ್ಕೆ ಏರಿಸಿ, ಉಪಕರಣದೊಳಗೆ ಮತ್ತೆ ಇಳಿಸುವ ದುಂದುವೆಚ್ಚ ಇಲ್ಲಿಲ್ಲ; ಬ್ಯಾಟರಿಯ ಕಡೆಯಿಂದ 230 ವೋಲ್ಟ್ ಎಂಬ ಅಪಾಯವೂ ಇಲ್ಲ. ತಂತಿಯ ಧನ ಋಣಗಳನ್ನು ಅದಲುಬದಲು ಮಾಡದಂತೆ ಎಚ್ಚರಿಕೆ ಬೇಕು. ಬ್ಯಾಟರಿಯ ಹತ್ತಿರ ಒಂದು ಫ್ಯೂಸ್ ಬೇಕು. ಅಷ್ಟೇ.

ಗಿಟಾರಿಗೂ ಇದೇ ಮಾರ್ಗವಿದೆ. ಸಣ್ಣ ಸೆಲ್ಲುಗಳಿಂದಲೇ ನಡೆಯುವ ಗಿಟಾರ್ ಆಂಪ್ಲಿಫೈಯರುಗಳು ದಶಕಗಳಿಂದ ತಯಾರಾಗುತ್ತಿವೆ. ರೋಲಂಡ್ ಸಂಸ್ಥೆಯ ಮೈಕ್ರೋ ಕ್ಯೂಬ್ ಎಂಬ ಪುಟ್ಟ ಪೆಟ್ಟಿಗೆ ಆರು ಪೆನ್‌ಟಾರ್ಚ್ ಸೆಲ್ಲುಗಳಿಂದ ನುಡಿಯುತ್ತದೆ. ಅದರ ನಾದ ದೊಡ್ಡ ಮೈದಾನಕ್ಕೆ ಸಾಲದು. ಒಂದು ಗಾನವೃಂದದ ಶ್ರುತಿ ಹಿಡಿಯುವುದಕ್ಕೆ ಸಾಕು. ಯಾವ ಗೋಡೆಯ ತಂತಿಯೂ ಇಲ್ಲದ ಕಾರಣ ನಾವು ಮೇಲೆ ಹೇಳಿದ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ. ಇಷ್ಟೂ ಬೇಡವೆಂದರೆ ಮರದ ಪೆಟ್ಟಿಗೆಯ ಸಾದಾ ಗಿಟಾರ್ ಇದ್ದೇ ಇದೆ.

ವರಮಾನವಿರುವ ಧರ್ಮಕೇಂದ್ರಗಳು ಇನ್ವರ್ಟರ್ ಹಾಕಿಸಿಕೊಳ್ಳುವುದಾದರೆ ನಮ್ಮ ಆಕ್ಷೇಪವಿಲ್ಲ. ಮನೆಗಳಲ್ಲಿ ಬಳಸುವ 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವಾಟ್-ಗಂಟೆಯ ಶಕ್ತಿಯಿರುತ್ತದೆ. ಅದರಲ್ಲಿ ಅರ್ಧವನ್ನು ಮಾತ್ರ ಬಳಸಿ ಬ್ಯಾಟರಿಯ ಆಯುಸ್ಸನ್ನು ಕಾಪಾಡಿದರೂ, ಮೈಕು, ಗಿಟಾರ್, ಕೀಬೋರ್ಡ್, ಒಂದೆರಡು ದೀಪಗಳು ಇಡೀ ಪೂಜೆಯುದ್ದಕ್ಕೂ ನಿರಾತಂಕವಾಗಿ ನಡೆಯುತ್ತವೆ. ಸೈನ್ ವೇವ್ ಮಾದರಿಯದನ್ನೇ ಕೊಳ್ಳಬೇಕು. ಚೌಕ ಅಲೆಯ ಅಗ್ಗದ ಮಾದರಿ ವಾದ್ಯಗಳಿಗೆ ಒಗ್ಗದು. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹತ್ತಿ ಉರಿಯಬಲ್ಲ ಜಲಜನಕ ಅನಿಲವನ್ನು ಹೊರಬಿಡುತ್ತದೆ. ಪೂಜಾವಸ್ತ್ರಗಳ ಕೋಣೆಯ ಮುಚ್ಚಿದ ಬೀರುವಿನೊಳಗೆ, ಧೂಪದಾನಿಗೆ ಕೆಂಡ ಹೊತ್ತಿಸುವ ಜಾಗದ ಪಕ್ಕದಲ್ಲಿ ಅದನ್ನು ಇಡಕೂಡದು. ಗಾಳಿಯಾಡುವ ಸ್ಥಳ ಬೇಕು. ಸವೆದ ಬ್ಯಾಟರಿಯಲ್ಲಿ ಸೀಸವಿದೆ, ಆಮ್ಲವಿದೆ. ಅದನ್ನು ಗುಜರಿಗೆ ಎಸೆಯದೆ ಮಾರಾಟಗಾರರಿಗೇ ಹಿಂತಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಅದೇ.

ಆದರೆ ಎಷ್ಟೇ ದೊಡ್ಡ ಬ್ಯಾಟರಿಯನ್ನು ತಂದರೂ ಅದು ಬಗೆಹರಿಸಲಾರದ ಒಂದು ಪ್ರಶ್ನೆ ಉಳಿಯುತ್ತದೆ: ನಮ್ಮ ಜನರಿಗೆ ಹಾಡು ಬರುತ್ತದೆಯೇ? ಸಂತ ಅಗಸ್ಟೀನರು ತಮ್ಮ 'ಪಾಪನಿವೇದನೆ' ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ದೇವಾಲಯದ ಗಾಯನದ ಮಾಧುರ್ಯಕ್ಕೆ ಮನಸೋತು ಅದರ ಮಾತುಗಳ ಅರ್ಥ ಹಿಂದಾಗುವುದೇ ಎಂದು ಕಳವಳಪಟ್ಟಿದ್ದಾರೆ. ಹಾಗೆಂದು ಅವರು ಗಾಯನವನ್ನು ಹೊರಗೆ ಹಾಕಲಿಲ್ಲ. ದುರ್ಬಲ ಮನಸ್ಸುಗಳನ್ನು ಭಕ್ತಿಗೆ ಏರಿಸುವ ಅದರ ಉಪಕಾರವನ್ನು ಒಪ್ಪಿಕೊಂಡರು. ಯುವಕರ ಗಿಟಾರಿನ ವಿಷಯದಲ್ಲಿಯೂ ನಾವು ಆ ಸಮತೋಲವನ್ನೇ ಹಿಡಿಯಬೇಕು. ಬೆಳಿಗ್ಗೆ ಬೇಗ ಎದ್ದು ಅಭ್ಯಾಸಕ್ಕೆ ಬರುವ ಹುಡುಗ ಹುಡುಗಿಯರನ್ನು 'ಗದ್ದಲ ಮಾಡುವವರು' ಎಂದು ಜರೆದು ಕಳೆದುಕೊಳ್ಳುವುದು ಧರ್ಮಕೇಂದ್ರಕ್ಕೆ ಯಾವ ಬ್ಯಾಟರಿಯೂ ತುಂಬಲಾರದ ನಷ್ಟ. ಅವರಿಗೆ ಹೊಣೆ ಕೊಡಿ. ಬ್ಯಾಟರಿಯ ಚಾರ್ಜ್, ಅರ್ತ್, ತಂತಿಗಳ ಸ್ಥಿತಿಯನ್ನು ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಅವರೇ ಮಾಡಲಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅವರೊಡನೆ ಕುಳಿತೇ ತೀರ್ಮಾನಿಸಿ.

ಗಿಟಾರಿಗೆ ಆಂಪ್ಲಿಫೈಯರ್ ಇಲ್ಲದೆಯೂ ಆರಾಧನೆಯಲ್ಲಿ ಸ್ಥಾನವಿದೆ ಎಂಬುದಕ್ಕೆ ಜಗತ್ತೇ ಬಲ್ಲ ಒಂದು ನಿದರ್ಶನವಿದೆ. 'ಸೈಲೆಂಟ್ ನೈಟ್' ಎಂದು ನಾವೆಲ್ಲ ಅರಿತಿರುವ ಕ್ರಿಸ್ತ ಜಯಂತಿಯ ಗೀತೆ ಮೊದಲು ಕೇಳಿಬಂದದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯ ದೇಶದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ. ಮಾತುಗಳನ್ನು ಬರೆದವರು ಅಲ್ಲಿನ ಸಹಾಯಕ ಗುರು ಜೋಸೆಫ್ ಮೋರ್. ರಾಗ ಹಾಕಿದವರು ಶಾಲಾ ಶಿಕ್ಷಕ ಫ್ರಾನ್ಸ್ ಕ್ಸೇವರ್ ಗ್ರೂಬರ್. ಎರಡು ಕಂಠಗಳು, ಒಂದು ಸಾದಾ ಗಿಟಾರ್. ಅಷ್ಟರಿಂದಲೇ ಆ ಗೀತೆ ಲೋಕದ ಮೂಲೆಮೂಲೆಗೂ ಹರಡಿತು. ನಮ್ಮ ಹಳೆಯ ದೇವಾಲಯಗಳಲ್ಲಿ ಕಾಲಿನಿಂದ ತಿದಿಯೊತ್ತಿ ನುಡಿಸುತ್ತಿದ್ದ ಹಾರ್ಮೋನಿಯಂಗಳಿಗೂ ಶಕ್ತಿ ಬರುತ್ತಿದ್ದುದು ಮನುಷ್ಯನ ಕಾಲಿನಿಂದಲೇ.

ಆದುದರಿಂದ ನಮ್ಮ ಸಲಹೆ ಇಷ್ಟು. ಕಛೇರಿಯ ಯು.ಪಿ.ಎಸ್. ಕಛೇರಿಯಲ್ಲಿಯೇ ಇರಲಿ. ವಾಚನಪೀಠದ ಮೈಕಿಗೆ ಬ್ಯಾಟರಿಯ ವ್ಯವಸ್ಥೆಯನ್ನು ಮೊದಲು ಮಾಡಿ, ಅನಂತರ ಗಿಟಾರಿಗೆ ಅದರ ಗುರಿಗೆ ತಕ್ಕಷ್ಟು ಚಿಕ್ಕ ಆಂಪ್ಲಿಫೈಯರನ್ನು ಒದಗಿಸಿ. ಅದರ ಜೊತೆಗೆ, ತಿಂಗಳಿಗೊಂದು ಭಾನುವಾರ ವಿದ್ಯುತ್ ಇದ್ದರೂ ಸರಿಯೇ, ಒಂದೆರಡು ಗೀತೆಗಳನ್ನು ಯಾವ ಯಂತ್ರದ ನೆರವೂ ಇಲ್ಲದೆ ಇಡೀ ಸಭೆ ಹಾಡಲಿ. ಎಲ್ಲರಿಗೂ ಬರುವ ಹತ್ತು ಹನ್ನೆರಡು ಗೀತೆಗಳನ್ನು ಮನೆಮನೆಗಳಲ್ಲಿ, ಸಂಜೆಯ ಜಪಸರದ ಬಳಿಕ, ಅಪ್ಪ ಅಮ್ಮಂದಿರು ಮಕ್ಕಳಿಗೆ ಬಾಯಿಪಾಠ ಮಾಡಿಸಲಿ. ಪಾಸ್ಖ ಜಾಗರಣೆಯ ರಾತ್ರಿ ಧರ್ಮಸಭೆ ತಾನಾಗಿಯೇ ದೀಪಗಳನ್ನೆಲ್ಲ ಆರಿಸಿ, ಕತ್ತಲಿನಲ್ಲಿ ಒಂದೇ ಮೇಣದ ಬತ್ತಿಯನ್ನು ಹಿಡಿದು ಹಾಡುತ್ತಾ ಒಳಗೆ ಬರುತ್ತದೆ. ವರ್ಷಕ್ಕೊಮ್ಮೆ ಮನಸಾರೆ ಮಾಡುವುದನ್ನು ಮಳೆಗಾಲದ ಭಾನುವಾರವೊಂದರಲ್ಲಿ ಹಠಾತ್ತಾಗಿ ಮಾಡಬೇಕಾಗಿ ಬಂದರೆ ನಾವು ತಡವರಿಸಬೇಕಾಗಿಲ್ಲ.

ಮುಂದಿನ ಮಳೆಗಾಲ ಬರುವ ಮುನ್ನ ಪ್ರತಿಯೊಂದು ಪಾಲನಾ ಪರಿಷತ್ತೂ ಗಾನವೃಂದದವರನ್ನು ಕರೆದು, ಈ ಎರಡು ಕೆಲಸಗಳನ್ನು ಒಂದೇ ಸಭೆಯಲ್ಲಿ ತೀರ್ಮಾನಿಸಲಿ ಎಂದು ನಾವು ಕೋರುತ್ತೇವೆ: ತಂತಿಗಳ ತಪಾಸಣೆ ಮತ್ತು ಹಾಡುಗಳ ಅಭ್ಯಾಸ.